ಕೋಣೆಯ ಸೊಂಟ

ತಮ್ಮ ಹೆಣ್ಣುಮಕ್ಕಳಿಬ್ಬರಿಗೆ ಕೋಣೆ ಹಂಚುವಾಗ ನಮ್ಮತ್ತೆ ಹುರಿ ಹಿಡಿದು ಗೋಡೆಗುಂಟ ಒಂದು ಸುತ್ತು ಬಂದರು. ದರ್ಜಿ ಕೆಲಸದವರಲ್ಲವೇ, ಕೋಣೆಗೂ ಸೊಂಟ ಅಳೆದರು. ಎರಡೂ ನಲವತ್ತೆಂಟು ಅಡಿ.

"ಇಬ್ರಿಗೂ ಸಮ. ಯಾರಾದ್ರೂ ಹೆಚ್ಚುಕಮ್ಮಿ ತೋರಿಸಿದ್ರೆ ಕೋಣೆ ಅದಲುಬದಲು!"

ಚೌಕದ ಕೋಣೆ ನನ್ನ ಹೆಂಡತಿಗೆ, ಉದ್ದನೆಯದು ನಾದಿನಿಗೆ. ಎರಡು ಕಿಟಕಿಯ ಆ ಚೌಕವೆಂದರೆ ನನ್ನವಳಿಗೆ ಜೀವ.

ನೆಲಹಾಸು ತರಲು ಹೋದವಳು ನಾದಿನಿ. ಸುತ್ತಳತೆ ಒಂದೇ ಎಂದ ಮೇಲೆ ಹಾಸೂ ಒಂದೇ ಎಂದುಕೊಂಡು, ತನಗೆ ಬೇಕಾದ ನೂರಿಪ್ಪತ್ತೆಂಟು ಚದರಡಿಯನ್ನೇ ನಮಗೂ ಕತ್ತರಿಸಿ ತಂದಳು. ಹಾಸಿದರೆ ನಮ್ಮಲ್ಲಿ ಒಂದು ಗೋಡೆಯುದ್ದಕ್ಕೂ ಬರಿನೆಲ, ಅಡಿಗಿಂತ ಅಗಲ.

"ಕತ್ತರಿ ಆಡಿಸಿದ್ದಾಳೆ, ನೋಡ್ರೀ!" ಹೆಂಡತಿ ಸಿಡುಕಿದಳು.

"ಅಯ್ಯೋ ಅಕ್ಕಾ, ನಾನಂಥವಳಾ?" ನಾದಿನಿಯ ಮೂಗುದನಿಯಲ್ಲಿ ಅಣಕಿಸಿದೆ.

"ನಿಮ್ಮ ನಾಟಕ ಸಾಕು. ಹೋಗಿ ಅವಳ ಮಂಚದ ಕೆಳಗೆ ನೋಡಿ."

ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ. ಹಾಸು ನಾಲ್ಕೂ ಗೋಡೆಗೆ ಅಂಟಿದಂತೆ ಕೂತಿತ್ತು. ಮಿಕ್ಕ ತುಂಡಿರಲಿ, ಮಂಚ ಬಿಟ್ಟರೆ ಆ ಕೋಣೆಯಲ್ಲಿ ಮನುಷ್ಯ ನೆಟ್ಟಗೆ ನಡೆಯಲೂ ಜಾಗವಿಲ್ಲ. ಏಡಿಯಂತೆ ಅಡ್ಡಡ್ಡ ಸರಿಯಬೇಕು.

"ಏನು ಭಾವ, ಮಂಚದ ಕೆಳಗೆ ಜನಗಣತಿನಾ?" ಬಾಗಿಲಲ್ಲಿ ನಾದಿನಿ.

ಹಲ್ಲು ಕಿರಿದು ಹೊರಬಿದ್ದೆ. ಮನಸ್ಸಿನಲ್ಲೇ ಗುಣಿಸಿ ಹೆಂಡತಿಗೆ ಹೇಳಿದೆ. ಅವಳದು ಹದಿನಾರಕ್ಕೆ ಎಂಟು, ನೂರಿಪ್ಪತ್ತೆಂಟು. ನಮ್ಮದು ಹನ್ನೆರಡಕ್ಕೆ ಹನ್ನೆರಡು, ನೂರನಲವತ್ನಾಲ್ಕು.

"ಹಾಗಾದ್ರೆ ಆ ಹದಿನಾರು ಚದರಡಿ ಅವಳು ಕದ್ದಿಲ್ವಾ?"

"ಇಲ್ಲ ಮಾರಾಯ್ತಿ. ನಮ್ಮ ಹತ್ರಾನೇ ಇದೆ. ನಮ್ಮ ಕೋಣೇನೇ ದೊಡ್ಡದು."

ಹೆಂಡತಿ ಕಿಟಕಿಗಳನ್ನೊಮ್ಮೆ ನೋಡಿದಳು. ಬಾಗಿಲು ಮುಂದೆ ಮಾಡಿದಳು. "ಬೀರು ಈ ಕಡೆ ಸರಿಸಿ. ಸದ್ದು ಮಾಡ್ಬೇಡಿ."

ಬೀರು, ಪೆಟ್ಟಿಗೆ, ಕಪಾಟು ಒಂದರ ಪಕ್ಕ ಒಂದು ನಿಂತು ಬರಿನೆಲ ಮುಚ್ಚಿದವು. ಬೆವರು ಒರೆಸುವಷ್ಟರಲ್ಲಿ ನಾದಿನಿ ಒಳಗೆ ಬಂದಳು.

"ಸಾಮಾನೆಲ್ಲ ಯಾಕಕ್ಕಾ ಒಂದೇ ಗೋಡೆಗೆ ಕವಾಯತಿಗೆ ನಿಂತಿದೆ?"

"ಗಾಳಿ ಆಡ್ಲಿ ಅಂತ."

"ಓಹೋ. ನನ್ನ ಹಾಸು ಗೋಡೆ ಮುಟ್ಟಿದೆ. ನಿಂದೂ ಮುಟ್ಟಿದೆ ತಾನೆ? ಭಾವ, ಆ ಬೀರು ಸ್ವಲ್ಪ ಸರಿಸಿ."

"ಅವರ ಕೈಲಾಗಲ್ಲ ಕಣೇ," ನನ್ನವಳು ತಟ್ಟನೆ ಅಂದಳು. "ಸೊಂಟ ಹಿಡ್ಕೊಂಡಿದೆ."

ತಕ್ಷಣ ಸೊಂಟದ ಮೇಲೆ ಕೈಯಿಟ್ಟು, ನಮ್ಮ ಮಾವನವರ ಧಾಟಿಯಲ್ಲೇ ನರಳಿದೆ. ಎಷ್ಟು ಚೆನ್ನಾಗಿ ನರಳಿದೆನೆಂದರೆ ಹೆಂಡತಿಯೇ ಒಂದು ಗಳಿಗೆ ಗಾಬರಿಯಾದಳು.

ನಾದಿನಿ ಗಾಬರಿಯಾಗಲಿಲ್ಲ. ಬೀರುವನ್ನೊಮ್ಮೆ, ನನ್ನನ್ನೊಮ್ಮೆ ಅಳೆಯುವಂತೆ ನೋಡಿ, ನಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಳು.

"ಪರವಾಗಿಲ್ಲ ಭಾವ. ಸರಿ ಹೋಗೋವರೆಗೂ ಇಲ್ಲೇ ಇರ್ತೀನಿ. ಇಲ್ಲಿ ಜಾಗಕ್ಕೇನು ಕಮ್ಮಿ?"