ಒಲೆಯ ಬಲಮಗ್ಗುಲು

ಒಲೆಯ ಬಲಮಗ್ಗುಲಿಗೆ ಮಣೆಯಿಟ್ಟು, ಅದರ ಮೇಲೆ ಕುರಿಚರ್ಮವನ್ನು ಹಾಸಿ, ದೀಲಾ ತನ್ನ ಅಣ್ಣನ ಮಗನನ್ನು ಕೂರಿಸಿದಳು. ಅದು ಅತಿಥಿಯ ಸ್ಥಾನ. ತಾಯಿಯಿಲ್ಲದ ಮರಾಶನನ್ನು ಎಳವೆಯಿಂದ ಸಾಕಿದವಳು ಈ ಸೋದರತ್ತೆಯೇ. ಆಗೆಲ್ಲ ಅವನು ಕೂರುತ್ತಿದ್ದುದು ಎಡಗಡೆ, ಸೌದೆಯ ರಾಶಿಗೆ ಒರಗಿ. ರಾಜಧಾನಿ ತಿರಾನದ ವಿಶ್ವವಿದ್ಯಾಲಯದಲ್ಲಿ ಭೂಗೋಳದ ಅಧ್ಯಾಪಕನಾದ ಮೇಲೆ, ಬಂದಾಗಲೆಲ್ಲ ಅವಳು ಅವನನ್ನು ಬಲಕ್ಕೆ ಕರೆಯತೊಡಗಿದ್ದಳು. ಅದನ್ನು ಅವನು ವಾತ್ಸಲ್ಯವೆಂದೇ ಭಾವಿಸಿದ್ದ.

ಇಂದು ಅವನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಲುಗಾಜ್ ಕಣಿವೆಯ ನೆತ್ತಿಯಲ್ಲಿ, ದೀಲಾಳ ಹುಲ್ಲುಗಾವಲಿನ ಬಂಡೆಯಡಿಯಿಂದ ಒಂದು ಒರತೆ ಹೊರಡುತ್ತದೆ. ಅವಳ ಗಂಡ ಕೋಲ ಬದುಕಿದ್ದಾಗ ಊರವರೊಡನೆ ಸೇರಿ ಕಡಿದ ಕಾಲುವೆಯಲ್ಲಿ ಇಳಿದು, ಆ ನೀರು ಕೆಳಗಿನ ಅಷ್ಟೂ ಮನೆಗಳ ಮೆಕ್ಕೆಜೋಳವನ್ನು ಸಲಹುತ್ತಿತ್ತು. ಈಗ ಒಂದು ಕಂಪನಿ ಅದೇ ಹುಲ್ಲುಗಾವಲಿನಲ್ಲಿ ಹೋಟೆಲು ಕಟ್ಟಿ, ಒರತೆಯನ್ನು ಕೊಳವೆಯೊಳಗೆ ತಿರುಗಿಸಿಕೊಳ್ಳಲು ಹೊರಟಿತ್ತು. ಒಡತಿ ಒಪ್ಪದೆ ಆ ಕೆಲಸ ನಡೆಯದು. ಒಪ್ಪಿಗೆಯನ್ನು ಕೇಳಲು ಕಂಪನಿಯವನೂ ಜಿಲ್ಲೆಯ ಅಧಿಕಾರಿಯೂ ಇಂದು ಬರುವವರಿದ್ದರು.

ಕಂಪನಿಗೆ ಕಣಿವೆಯ ದಾರಿ ತೋರಿಸಿದ್ದು ಮರಾಶನ ಸಂಶೋಧನೆಯೇ. ಎರಡು ವರ್ಷದ ಕೆಳಗೆ ಅವನು ಮನೆಮನೆಗೆ ಹೋಗಿ, ಪ್ರವಾಸಿಗಳು ಬರುವುದು ನಿಮಗೆ ಇಷ್ಟವೇ ಎಂದು ಕೇಳಿದ್ದ. ಇಷ್ಟವಿಲ್ಲವೆಂದವರು ಒಬ್ಬರೂ ಇರಲಿಲ್ಲ. ಸರ್ವಾಧಿಕಾರ ಕುಸಿದು, ಯುವಕರೆಲ್ಲ ಗ್ರೀಸು ಇಟಲಿಗಳಿಗೆ ಹರಿದುಹೋಗಿ ಬರಿದಾದ ಬೆಟ್ಟನಾಡಿಗೆ ಇದೊಂದೇ ಸಂಜೀವಿನಿಯೆಂದು ಅವನು ನಂಬಿದ್ದ. ಕಾಲ್ನಡಿಗೆಯ ಯಾತ್ರಿಕರು, ಸಣ್ಣ ಅತಿಥಿಗೃಹಗಳು, ಕೆಡದ ಕಾಡು: ಅವನ ಗ್ರಂಥ ಕಂಡ ಕನಸು ಅಷ್ಟೇ. ಮೊದಲು ಬಂದದ್ದು ರಸ್ತೆ. ಅದರ ಬೆನ್ನಿಗೆ ಕಂಪನಿ.

"ಅತ್ತೆ, ನಿನ್ನೆ ಮಾತು ಕೊಟ್ಟಿದ್ದೀಯ. ಇಲ್ಲ ಅನ್ಬೇಕು. ಅಷ್ಟೇ ಸಾಕು."

"ನೀನು ಬಂದು ಕೇಳ್ದೆ, ಆಗ್ಲಿ ಅಂದೆ. ನಿನಗೆ ಬೇಡ ಅಂತೀನಾ?" ಎನ್ನುತ್ತ ದೀಲಾ ತಾಮ್ರದ ಪುಟ್ಟ ಪಾತ್ರೆಯಲ್ಲಿ ಕಾಫಿಯನ್ನು ಕುದಿಯಲಿಟ್ಟಳು. "ಹೊಟ್ಟೆಗೆ ಸರಿಯಾಗಿ ತಿನ್ನು ಮೊದ್ಲು. ಆ ತಿರಾನದಲ್ಲಿ ನಿಂಗೆ ಪುಸ್ತಕ ಬೇಯಿಸಿ ಹಾಕ್ತಾರೇನೋ, ಕಡ್ಡಿ ಆಗಿದ್ದೀಯ."

ಅಷ್ಟರಲ್ಲಿ ಅಂಗಳದಾಚೆಯಿಂದ ಕೂಗು ಕೇಳಿಸಿತು.

"ಓ ಮನೆಯೊಡತೀ! ಅತಿಥಿಗಳನ್ನ ಒಳಗೆ ಕರ್ಕೊಳ್ತೀರಾ?"

ಮರಾಶ್ ಕಿಟಕಿಯಿಂದ ಇಣುಕಿದ. ಕಾರು ಬಾಗಿಲವರೆಗೂ ಬರಬಹುದಿತ್ತು. ಅದನ್ನು ಸೇತುವೆಯಾಚೆಯೇ ಬಿಟ್ಟು, ನಡೆದು ಬಂದು, ಹಳೆಯ ಪದ್ಧತಿಯಂತೆ ಬೇಲಿಯಾಚೆ ನಿಂತು ಕೂಗಿದವನು ಪಟ್ಟಣಿಗನಲ್ಲ. ಪಾಷ್ಕ್ ಎಂಬ ಆ ಕಂಪನಿಯ ತರುಣ ಪಕ್ಕದ ಕಣಿವೆಯ ಬೆಟ್ಟಿಗನೇ.

ದೀಲಾ ತಲೆವಸ್ತ್ರವನ್ನು ಸರಿಪಡಿಸಿಕೊಂಡು ಎದ್ದಳು. ದೇವರ ಹೆಸರೆತ್ತುವುದೇ ಅಪರಾಧವಾಗಿದ್ದ ದಶಕಗಳಲ್ಲಿ ಈ ಕಣಿವೆಯ ಇಗರ್ಜಿಯನ್ನು ಉಗ್ರಾಣವಾಗಿಸಿದ್ದರು. ಮನೆಯ ಶಿಲುಬೆಯನ್ನು ಅವಳು ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ ಅಡಗಿಸಿದ್ದಳು. ಬಹಿರಂಗವಾಗಿ ನಡೆಸಬಹುದಾಗಿದ್ದ ಆರಾಧನೆ ಅವಳಿಗೆ ಒಂದೇ ಉಳಿದಿತ್ತು: ಹೊಸ್ತಿಲು ದಾಟಿ ಬಂದವನ ಕಾಲಿಗೆ ನೀರು, ಕೈಗೆ ರೊಟ್ಟಿ. ಶಿಲುಬೆ ಮರಳಿ ಗೋಡೆಗೇರಿದ ಮೇಲೂ ಆ ವ್ರತಕ್ಕೆ ಭಂಗ ಬಂದಿರಲಿಲ್ಲ.

"ಬನ್ನಿ, ಬನ್ನಿ, ಒಳಗೆ ಬನ್ನಿ!"

ಪಾಷ್ಕ್ ಬೂಟು ಕಳಚಿ, ಶಿಲುಬೆಗೆ ತಲೆಬಾಗಿಸಿ ಒಳಬಂದ; ಅವನ ಹಿಂದೆ ಜಿಲ್ಲೆಯ ಅಧಿಕಾರಿ. ಮರಾಶ್ ಬಲಮಗ್ಗುಲನ್ನು ಬಿಟ್ಟುಕೊಟ್ಟು ಗೋಡೆಗೆ ಸರಿಯಬೇಕಾಯಿತು. ರಾಕಿಯೆಂಬ ಹಣ್ಣಿನ ಮದ್ಯ ಬಂತು, ಗಿಣ್ಣು, ಮೆಕ್ಕೆಜೋಳದ ರೊಟ್ಟಿ ಬಂದವು.

"ಇಂಥ ರೊಟ್ಟಿ ನಮ್ಮಮ್ಮ ಹೋದ್ಮೇಲೆ ತಿಂದಿರ್ಲಿಲ್ಲ ಅಮ್ಮಾ," ಎಂದ ಪಾಷ್ಕ್. ಅದು ಸುಳ್ಳೂ ಆಗಿರಲಿಲ್ಲ. ಅವನ ಕಣ್ಣು ತೇವವಾಗಿತ್ತು.

"ಹಾಗಾದ್ರೆ ಇನ್ನೊಂದು ಚೂರು ತಗೋ. ನಾಚ್ಕೋಬೇಡ, ನಾಚ್ಕೊಂಡೋರ ಹೊಟ್ಟೆ ನನ್ನ ಮನೇಲಿ ತುಂಬಲ್ಲ."

ಅಧಿಕಾರಿ ನಕ್ಕ. ದೀಲಾಳೂ ನಕ್ಕಳು. ಕಾಫಿಯ ಬಟ್ಟಲು ಬರಿದಾಗುವವರೆಗೂ ಯಾರೂ ಹೋಟೆಲಿನ ಹೆಸರೆತ್ತಲಿಲ್ಲ. ಆಮೇಲೆ ಪಾಷ್ಕ್ ತುಂಬ ಮೃದುವಾಗಿ ಕೇಳಿದ:

"ಅಮ್ಮಾ, ನಿಮ್ಮ ಒರತೆ ನೀರನ್ನ ನಮಗೂ ಕೊಡ್ತೀರಾ?"

ದೀಲಾ ಬೆಂಕಿಗೆ ಒಂದು ಸೌದೆ ಒಡ್ಡಿದಳು. ಕೊಳ್ಳಿಯೊಂದು ಚಟಪಟಿಸಿತು. ಮರಾಶ್ ಅವಳ ತುಟಿಗಳನ್ನು ನೋಡುತ್ತಿದ್ದ.

"ಈ ಒಲೆ ಮುಂದೆ ಕೂತವ್ರು ನೀರು ಕೇಳಿದ್ರೆ ಇಲ್ಲ ಅಂದಿದ್ದಿಲ್ಲಪ್ಪ. ತಗೊಳ್ಳಿ."

"ಅತ್ತೆ!" ಮರಾಶ್ ಎದ್ದುನಿಂತ. "ಅವ್ರು ಕೇಳ್ತಿರೋದು ಒಂದು ಲೋಟ ಅಲ್ಲ, ಇಡೀ ಒರತೆ! ನಿನ್ನೆ ನೀನೇ—"

"ಸುಮ್ನಿರೋ! ಮನೆಗೆ ಬಂದವ್ರ ಎದುರು ಇದೇನು ಕೂಗಾಟ? ನನ್ನ ಮಾನ ಕಳೀಬೇಡ."

"ಮೇಷ್ಟ್ರೇ, ಕೋಪ ಯಾಕೆ?" ಪಾಷ್ಕ್ ದನಿಯೇರಿಸಲಿಲ್ಲ. "ನಿಮ್ಮ ಪುಸ್ತಕ ಓದಿದೀನಿ. ನೀವು ಕೇಳಿದ್ದೂ ಹೀಗೇ ಅಲ್ವಾ? ಒಲೆ ಪಕ್ಕ ಕೂತು, ಕಾಫಿ ಕುಡಿದು? ಬೆಟ್ಟದ ಮನೆಯಲ್ಲಿ ಕೂತು, ಅತಿಥಿ ಬೇಕಾ ಅಂತ ಕೇಳಿದ್ರೆ ಬೇಡ ಅನ್ನೋರು ಯಾರಿದಾರೆ? ನಾನು ಕಲಿತದ್ದು ನಿಮ್ಮಿಂದ್ಲೇ."

ಮರಾಶ್ ಮತ್ತೆ ಗೋಡೆಗೆ ಒರಗಿ ಕುಳಿತ. ಬೆಟ್ಟದಲ್ಲಿ ಹುಟ್ಟಿ, ಈ ಬೂದಿಯ ಬಳಿಯೇ ಬೆಳೆದು, ದೇಶದೇಶಗಳ ಸಂಶೋಧನಾ ವಿಧಾನಗಳನ್ನು ಓದಿಕೊಂಡು ಬಂದವನಿಗೆ ಹೊಳೆಯದಿದ್ದುದು ಈ ಒಂದು ಮಾತು. ಅವನು ತಂದಿದ್ದ ಪ್ರಶ್ನೆ ಕಣಿವೆಯ ಪಾಲಿಗೆ ಪ್ರಶ್ನೆಯೇ ಆಗಿರಲಿಲ್ಲ. ಅದು ಅತಿಥಿಯೊಬ್ಬನ ಯಾಚನೆಯಾಗಿತ್ತು.

ಅಧಿಕಾರಿ ಮುಂದಿಟ್ಟ ಒಪ್ಪಿಗೆಯ ಕಾಗದಕ್ಕೆ ದೀಲಾ ಸಹಿ ಹಾಕಿದಳು.

ಹೊರಟ ಅತಿಥಿಗಳನ್ನು ಗಡಿಯವರೆಗೆ ಕಳುಹಿಸಿಬರುವುದು ಮನೆಯವರ ಕರ್ತವ್ಯ. ಈ ಮನೆಯ ಗಡಿ ಹೊಳೆಯ ಮೇಲಿನ ಮರದ ಸೇತುವೆ. ದೀಲಾ ಅಲ್ಲಿಯವರೆಗೂ ನಡೆದಳು. ಮರಾಶ್ ಅವಳ ಹಿಂದೆ ನಡೆದ. ಪಾಷ್ಕ್ ಆಚೆಯ ದಡವನ್ನು ಮೆಟ್ಟಿದ ಮೇಲೆ ಅವಳು ನಿಂತು ಹೇಳಿದಳು:

"ಮಗಾ, ಈಗ ನೀನು ನನ್ನ ಅತಿಥಿ ಅಲ್ಲ. ಕೇಳ್ಕೋ. ಆ ಒರತೆ ಮುಟ್ಟೋದು ನಂಗೆ ಬೇಡ. ಬೇಡ್ವೇ ಬೇಡ. ಕೋಲ ಅದಕ್ಕಾಗಿ ಬಂಡೆ ಒಡೆದು ಎದೆನೋವು ತಂದ್ಕೊಂಡ. ಕೆಳಗಿನ ಮನೆಯೋರ ಮುಖ ಹೇಗೆ ನೋಡ್ಲಿ?"

ಪಾಷ್ಕ್ ತಲೆತಗ್ಗಿಸಿದ. "ಮಾತು ಕೊಟ್ಟಿದ್ದೀರಲ್ಲ ಅಮ್ಮಾ."

"ಕೊಟ್ಟಿದ್ದೀನಿ. ವಾಪಸ್ ಕೇಳ್ತಿಲ್ಲ. ನನ್ನ ಮನಸ್ಸು ಏನು ಅಂತ ನಿಂಗೆ ಗೊತ್ತಿರ್ಲಿ, ಅಷ್ಟೇ."

ಕಾರು ಹೊರಟುಹೋಯಿತು. ಧೂಳು ಹೊಳೆಯ ಮೇಲೆ ನಿಧಾನವಾಗಿ ಇಳಿಯಿತು.

"ಇದನ್ನ ಒಳಗೇ ಯಾಕೆ ಹೇಳ್ಲಿಲ್ಲ ಅತ್ತೆ?" ಮರಾಶ್ ಕೇಳಿದ.

ಅವಳು ಅವನತ್ತ ತಿರುಗಿದಳು. "ನಿಂಗೂ ಇಲ್ಲೇ ಹೇಳಿದ್ದೆ ಕಣೋ. ಪ್ರವಾಸಿಗಳು ಬರ್ಬೋದಾ ಅಂತ ಕೇಳ್ಕೊಂಡು ಆ ವರ್ಷ ನೀನು ಹೊರಟಾಗ ಇದೇ ಹಲಗೆ ಮೇಲೆ ನಿಂತು, 'ಅವ್ರನ್ನೆಲ್ಲ ಕರ್ಕೊಂಡು ಬರ್ಬೇಡ ಮಗಾ' ಅಂದೆ. ಕೆಳಗಿನ ಮನೆ ಮಾರ್ಕನೂ ಅವನ ಬೇಲಿ ಹತ್ರ ಅಂದ್ನಂತೆ. ಎಲ್ರೂ ಅಂದಿದ್ರು. ನೀನು ನಕ್ಕು, ನನ್ನ ಕೆನ್ನೆಗೆ ಮುತ್ತಿಟ್ಟು ಹೊರಟ್ಹೋದೆ."

ಅವನಿಗೆ ನೆನಪಾಯಿತು. ಒಂದೊಂದು ಮನೆಯ ಗಡಿಯಲ್ಲಿಯೂ ಯಾರೋ ಏನೋ ಅಂದಿದ್ದರು. ಕೆಲಸ ಮುಗಿಯಿತೆಂದು ಅವನು ಲೇಖನಿಯನ್ನು ಜೇಬಿಗಿಳಿಸಿಯಾಗಿತ್ತು; ಅವೆಲ್ಲ ಬೀಳ್ಕೊಡುಗೆಯ ಸಲಿಗೆಯ ಮಾತುಗಳೆಂದೇ ಎಣಿಸಿದ್ದ.

ಮನೆಗೆ ಮರಳಿದಾಗ ಅವನು ನೇರವಾಗಿ ಎಡಮಗ್ಗುಲಿಗೆ ಹೋಗಿ, ಸೌದೆಯ ರಾಶಿಗೆ ಒರಗಿ ನೆಲದ ಮೇಲೆಯೇ ಕುಳಿತ.

"ಏಳೋ, ಮಸಿ ಹತ್ತುತ್ತೆ. ಒಳ್ಳೆ ಅಂಗಿ."

"ಹತ್ಲಿ. ಅತ್ತೆ, ನನ್ನ ಬೈ. ಚಿಕ್ಕೋನಿದ್ದಾಗ ಮೇಕೆ ಕಳ್ಕೊಂಡು ಬಂದಾಗ ಬೈದಿದ್ಯಲ್ಲ, ಹಾಗೆ ಬೈ."

"ಬಾಯಿಗೆ ಬಂದ ಹಾಗೆ ಬೈಯೋಕೆ ನೀನೇನು ಮನೆಯವ್ನಾ—"

ಮಾತು ಅಲ್ಲಿಗೇ ನಿಂತಿತು. ಅವಳಿಗೇ ಅದು ಕೇಳಿಸಿತ್ತು. ಕಾಫಿಯ ಪಾತ್ರೆ ಹಿಡಿದಿದ್ದ ಕೈ ಗಾಳಿಯಲ್ಲಿಯೇ ಉಳಿಯಿತು. ಆಮೇಲೆ ಅವಳು ಬಾಗಿ, ಬಲಮಗ್ಗುಲಿನ ಕುರಿಚರ್ಮವನ್ನು ಅಂಗೈಯಿಂದ ಒರೆಸಿ, ಅವನತ್ತ ನೋಡದೆ, "ಬಾ, ಇಲ್ಲಿ ಕೂತ್ಕೋ," ಎಂದಳು.

ಅವನು ಎದ್ದುಹೋಗಿ ಅಲ್ಲಿ ಕುಳಿತ. ಅವಳು ಬಟ್ಟಲನ್ನು ಮುಂದಿಟ್ಟಳು.

"ಸಕ್ರೆ ಸಾಕಾ ಮಗಾ?"

ಅವನು ಒಂದು ಗುಟುಕು ಕುಡಿದ; ಸಕ್ಕರೆ ಹಾಕುವುದನ್ನೇ ಅವಳು ಮರೆತಿದ್ದಳು.

"ಸಾಕು ಅತ್ತೆ," ಎಂದ ಮರಾಶ್. "ಚೆನ್ನಾಗಿದೆ."