ಬಿಲ್ಲೆ ಹೊಳೆದರೆ ಸಾಕೆ?

ತಪಾಸಣೆ ಕೋಣೆಯ ಹೆಂಗಸಿಗೆ ಕಾರ್ಖಾನೆಯವರು ಇಟ್ಟ ಹೆಸರು ‘ಆಗಲ್ಲಮ್ಮ’. ಹನ್ನೊಂದು ವರ್ಷದಲ್ಲಿ ಅವಳ ಸಹಿ ಬಿದ್ದ ಒಂದೇ ಒಂದು ಮಾಲು ವಾಪಸು ಬಂದಿರಲಿಲ್ಲ. ಹೆಸರಿಟ್ಟವರಿಗೂ ಅದು ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಆ ಬೆಳಿಗ್ಗೆ ಅವಳ ಮೇಜಿನ ಮೇಲೆ ಹದಿನೆಂಟು ಪಂಚುಗಳಿದ್ದ ಪೆಟ್ಟಿಗೆ ಬಂತು. ತಗಡಿಗೆ ತೂತು ಹೊಡೆಯುವ, ಹೆಬ್ಬೆರಳು ಗಾತ್ರದ ಉಕ್ಕಿನ ಪಂಚುಗಳು. ಮೈಮೇಲೆ ಕೂದಲಿಗಿಂತ ತೆಳ್ಳಗಿನ, ಚಿನ್ನದ ಬಣ್ಣದ ಲೇಪ. ಜೊತೆಗೆ ಅದೇ ಉಕ್ಕಿನ, ಅದೇ ಲೇಪದ ಒಂದು ಬಿಲ್ಲೆ. ಪರೀಕ್ಷೆ ನಡೆಯುವುದು ಆ ಬಿಲ್ಲೆಯ ಮೇಲೆ: ವಜ್ರದ ಮೊನೆಯನ್ನು ನೂರೈವತ್ತು ಕಿಲೋ ಭಾರದಲ್ಲಿ ಒತ್ತಿ, ಬಿದ್ದ ಗುಳಿಯ ಸುತ್ತ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೂದಲೆಳೆಯಂಥ ಬಿರುಕು ಬಂದರೆ ಅಡ್ಡಿಯಿಲ್ಲ. ಲೇಪ ಹಕ್ಕಳೆಯಾಗಿ ಎದ್ದರೆ ಮಾಲು ಕೆಟ್ಟಿತು.

ಬಿಲ್ಲೆ ಪಾಸಾಯಿತು. ಅತಿಯಾಗಿ ಚೆನ್ನಾಗಿ ಪಾಸಾಯಿತು, ಅನುಮಾನ ಬಂದದ್ದೇ ಅದಕ್ಕೆ. ಬಿಲ್ಲೆಯಲ್ಲಿ ಅವಳಿಗೆ ತನ್ನ ಮುಖ ಕಾಣುತ್ತಿತ್ತು. ಪಂಚುಗಳ ಹೊಳಪು ಮಂಕಾಗಿತ್ತು.

ಪಾಲಿಶ್ ವಿಭಾಗದ ಹಿರಿಯರು ಅವಳ ಸ್ವಂತ ಚಿಕ್ಕಪ್ಪ. ಈ ಕೆಲಸ ಕೊಡಿಸಿದವರೂ ಅವರೇ. ಅವರನ್ನು ಕರೆಸಿದಳು.

“ಚಿಕ್ಕಪ್ಪಾ, ಗಟ್ಟಿ ಮಾಡೋ ಕುಲುಮೆಯಿಂದ ಬಂದ್ಮೇಲೆ ಉಕ್ಕಿನ ಮೇಲೆ ಲೇಪ ಅಂಟೋಕೆ ಬಿಡದ ಬಿಳಿ ಪದರ ಕೂತಿರುತ್ತಲ್ಲ, ಲೇಪಕ್ಕೆ ಮುಂಚೆ ಅದನ್ನ ಉಜ್ಜಿ ತೆಗೆದ್ರಾ?”

ಚಿಕ್ಕಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. “ಬಿಲ್ಲೇದು ತೆಗೆದೆ.”

“ಪಂಚಿಂದು?”

“ಟೈಮಿಲ್ಲ, ಬಿಲ್ಲೆ ಹೊಳೆದ್ರೆ ಸಾಕು ಅಂದ್ರು ಮ್ಯಾನೇಜರ್ರು. ನನಗಿನ್ನೂ ಎರಡು ವರ್ಷ ಸರ್ವಿಸ್ ಇದೆ, ಮಗಳೇ. ನನ್ನ ಮುಖ ನೋಡಿ ಒಂದು ಸಹಿ ಹಾಕ್ಬಿಡು.”

ಅವಳಿಗೆ ಮೈಯೆಲ್ಲ ಉರಿಯಿತು. ಆ ಮುಖದ ಮೇಲಲ್ಲ, ಆ ಮುಖವನ್ನು ಅಷ್ಟು ತಗ್ಗಿಸಿದವನ ಮೇಲೆ. ಮೇಲೆ ಥಳಕು, ಒಳಗೆ ಹುಳುಕು, ಅದರ ಕೆಳಗೆ ಇವಳ ಸಹಿ!

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ನುಗ್ಗಿದ. “ಲಾರಿ ಕಾಯ್ತಿದೆ. ಸಹಿ ಆಯ್ತಾ?”

“ಲಾರಿಗೆ ಹೋಗೋದು ಬಿಲ್ಲೆ ಅಲ್ಲ ಸಾರ್, ಪಂಚು” ಎಂದವಳೇ ಒಂದು ಪಂಚನ್ನು ಯಂತ್ರದಡಿ ನಿಲ್ಲಿಸಿ ಹಿಡಿಕೆ ಎಳೆದಳು. ಗುಳಿ ಬಿದ್ದ ಪಂಚನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಮ್ಯಾನೇಜರ್ ಹೌಹಾರಿದ. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು: ಗುಳಿಯ ಸುತ್ತ ಲೇಪ ಹಳೇ ಗೋಡೆಯ ಸುಣ್ಣದ ಹಾಗೆ ಎದ್ದು ಉದುರಿತ್ತು.

“ನೀವೇ ನೋಡಿ ಸಾರ್.”

“ನಾನ್ಯಾಕೆ ನೋಡ್ಲಿ? ಹಾಳಾಗಿದ್ದು ಒಂದು, ಉಳಿದ ಹದಿನೇಳು ಹೋಗುತ್ತೆ. ಸಹಿ ಹಾಕೋಕೆ ಬೇರೆ ಕೈಗಳಿವೆ. ನಾಳೆಯಿಂದ ನೀನು ಬರೋದೇ ಬೇಡ!”

“ನಾಳೆ ಮಾತು ನಾಳೆಗೆ. ಇವತ್ತು ಸಂಜೆವರೆಗೂ ಈ ಮಿಷಿನ್ನು ನಂದು.”

ಎರಡನೆಯದನ್ನು ನಿಲ್ಲಿಸಿ ಒತ್ತಿದಳು. ಮೂರನೆಯದನ್ನೂ ಒತ್ತಿದಳು. ಭಯವಿತ್ತು. ಆದರೂ ಹಿಡಿಕೆ ಬಿಡಲಿಲ್ಲ.

“ಏನ್ರೀ ಯಜಮಾನ್ರೇ, ನಿಂತ್ಕೊಂಡು ನೋಡ್ತಿದ್ದೀರಲ್ಲ!” ಮ್ಯಾನೇಜರ್ ಚಿಕ್ಕಪ್ಪನ ಕಡೆ ತಿರುಗಿದ. “ಎತ್ರೀ ಆ ಪೆಟ್ಟಿಗೆ!”

ಚಿಕ್ಕಪ್ಪ ಪೆಟ್ಟಿಗೆ ಎತ್ತಿದರು.

ಅವರು ಅದನ್ನು ಬಾಗಿಲ ಕಡೆ ಒಯ್ಯಲಿಲ್ಲ. ತಂದು ಯಂತ್ರದ ಪಕ್ಕ, ಅವಳ ಕೈಗೆಟುಕುವಲ್ಲಿ ಇಟ್ಟರು. ನಾಲ್ಕನೆಯ ಪಂಚನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟರು.

“ನೆಟ್ಟಗೆ ನಿಲ್ಸು” ಎಂದರು. “ಇದಾದ್ಮೇಲೆ ಇನ್ನೂ ಹದಿನಾಲ್ಕಿದೆ.”