ದುಂಡವ್ವ ಕಿನ್ನರಿ ಕೇಳಿದ್ದು

ಹೆಸರು ಹೇಳಿದರೆ ಅಲ್ಲಿಯವರು ನೊಂದುಕೊಂಡಾರು; ಆದ್ದರಿಂದ ಆ ರಾಜ್ಯಕ್ಕೆ ಹೆಸರು ಬೇಡ. ಅದು ಎತ್ತರದ ಬಯಲು ಸೀಮೆ. ತಂಪು ಗಾಳಿ, ಮೊಣಕಾಲುದ್ದದ ಹುಲ್ಲು. ಅಲ್ಲಿದ್ದವರೆಲ್ಲ ಬಿಳಿಯ ದನಗಳು. ದೊರೆ ಒಂದು ಬಿಳಿ ಹೋರಿ, ಹಿರಿಯರೆಲ್ಲ ಬಿಳಿ ಎತ್ತುಗಳು.

ಆ ರಾಜ್ಯದಲ್ಲಿ ಕಾನೂನುಗಳಿರಲಿಲ್ಲ, ಗಾದೆಗಳಿದ್ದವು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬುದು ಮೊದಲ ಗಾದೆ. ಉಳಿದವೆಲ್ಲ ಅದರ ಬೆನ್ನಿಗೆ ಆತುಕೊಂಡು ನಿಂತಿದ್ದವು. ಅವುಗಳನ್ನು ಕಾಯುವ ಹೊಣೆ ಶಂಖಯ್ಯನೆಂಬ ಮುದಿ ಎತ್ತಿನದು. ಯಾರಾದರೂ ಜಗಳ ತಂದರೆ ಶಂಖಯ್ಯ ಗಂಟಲು ಸರಿಮಾಡಿಕೊಂಡು ಒಂದು ಗಾದೆ ಹೇಳುತ್ತಿದ್ದ. ಜಗಳ ಅಲ್ಲಿಗೆ ಮುಗಿಯುತ್ತಿತ್ತು, ನ್ಯಾಯ ಸಿಕ್ಕವರಿಗೂ, ಸಿಗದವರಿಗೂ.

ಈ ರಾಜ್ಯಕ್ಕೆ ಒಂದು ಎಮ್ಮೆಯ ಸಂಸಾರ ಬಂತು. ತಾಯಿ ದುಂಡವ್ವ, ಅವಳ ಗಂಡ ಮದ್ದಣ್ಣ, ಮಗಳು ನೇರಳೆ. ತಗ್ಗಿನ ಸೀಮೆಯಲ್ಲಿ ಅವರದೊಂದು ಜೌಗಿತ್ತು; ಜೊಂಡು, ತಾವರೆ, ಕೊರಳಮಟ್ಟ ಕೆಸರು. ಮನುಷ್ಯರು ಅದಕ್ಕೆ ಮಣ್ಣು ಸುರಿದು ಊರು ಕಟ್ಟಿದರು. ಇರಲು ನೆಲವಿಲ್ಲದವರು ನಡೆಯಬೇಕಾಯಿತು.

ಗಡಿಯಲ್ಲಿ ಕಾವಲಿನ ಎತ್ತು ಕೇಳಿತು, "ಎಮ್ಮೆಗಳು ಇಲ್ಲಿಗೆ ಬಂದದ್ದು ಇದೇ ಮೊದಲು. ಏನು ಕೆಲಸ ಬರುತ್ತದೆ?"

"ಏನು ಹೇಳಿದರೂ ಮಾಡ್ತೀನಿ ಸ್ವಾಮಿ," ಎಂದ ಮದ್ದಣ್ಣ.

"ನಿನಗೆ?"

"ಹಾಡ್ತೀನಿ," ಎಂದಳು ದುಂಡವ್ವ.

ಕಾವಲಿನವನು ನಕ್ಕ ನಗುವಿಗೆ ಬಾಯೊಳಗಿನ ಮೆಲುಕು ಹೊರಗೆ ಬಿತ್ತು. ದುಂಡವ್ವ ಅವನು ನಕ್ಕು ಮುಗಿಸುವವರೆಗೆ ಕಾದಳು. ಆಮೇಲೆ ಮಗಳನ್ನು ಮುಂದೆ ಮಾಡಿಕೊಂಡು ಒಳಗೆ ನಡೆದಳು.

ಮದ್ದಣ್ಣನಿಗೆ ಕೆಲಸ ಸಿಗುವುದು ಕಷ್ಟವಾಯಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಿದ್ದುದರಿಂದ ಯಾರೂ ಅವನ ಜೊತೆ ನೊಗಕ್ಕೆ ಹೆಗಲು ಕೊಡಲಿಲ್ಲ. ಕೊನೆಗೆ ಇಟ್ಟಿಗೆಗೆ ಮಣ್ಣು ತುಳಿಯುವ ಕೆಲಸ ಕೊಟ್ಟರು. ದೊರೆ ಆಗ ಹೊಸದೊಂದು ಗಾನಮಂಟಪ ಕಟ್ಟಿಸುತ್ತಿದ್ದ. ಅದರ ಗೋಡೆಗಳ ಮಣ್ಣೆಲ್ಲ ಮದ್ದಣ್ಣ ತುಳಿದದ್ದೇ. ಮಳೆ ಬಂದಾಗ ಎತ್ತುಗಳು ಚಪ್ಪರದ ಕೆಳಗೆ ಓಡುತ್ತಿದ್ದವು. ಇವನು ಹತ್ತಿರ ಬಂದರೆ, "ನಿನಗ್ಯಾಕಪ್ಪ ಚಪ್ಪರ? ಎಮ್ಮೆ ಮೇಲೆ ಮಳೆ ಹೊಯ್ದಂತೆ ಅಂತ ಗಾದೆಯೇ ಇದೆಯಲ್ಲ," ಎನ್ನುತ್ತಿದ್ದವು. ಬೈದು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ನಂಬಿದ್ದವು. ಆ ಎತ್ತರದ ಸೀಮೆಯ ಮಳೆ ಮೂಳೆಗೆ ಇಳಿಯುವಷ್ಟು ತಣ್ಣಗಿತ್ತು. ಮದ್ದಣ್ಣ ನಿಂತು ನೆನೆಯುತ್ತಿದ್ದ.

ಪಕ್ಕದ ಮನೆಯ ಹಸು ಕಿರುಗೊಂಬಿ ಒಳ್ಳೆಯವಳು. ಒಂದು ದಿನ ಹಿಂಡಿಯ ಪಾಲು ತಂದುಕೊಟ್ಟು ಪ್ರೀತಿಯಿಂದ ಹೇಳಿದಳು, "ನೀನು ಬೇರೆ ಎಮ್ಮೆಗಳ ಹಾಗಲ್ಲ ಬಿಡಕ್ಕ."

"ಎಷ್ಟು ಎಮ್ಮೆಗಳನ್ನ ನೋಡಿದ್ದೀಯ ತಂಗಿ?"

ಕಿರುಗೊಂಬಿ ಯೋಚಿಸಿದಳು. "ನಿನ್ನೊಬ್ಬಳನ್ನೇ," ಎಂದಳು.

ಇಬ್ಬರೂ ನಕ್ಕರು. ಆದರೆ ಕಿರುಗೊಂಬಿ ಮನೆಗೆ ಹೋದ ಮೇಲೆ ದುಂಡವ್ವನ ನಗು ನಿಂತಿತು. ಹಿತ್ತಲಿಗೆ ಹೋಗಿ ನೋಡಿದರೆ ಮದ್ದಣ್ಣ ಬೂದಿಗುಂಡಿಯಲ್ಲಿ ಹೊರಳುತ್ತಿದ್ದ. ಬೆನ್ನೆಲ್ಲ ಬೆಳ್ಳಗಾಗಿತ್ತು.

"ಏನ್ರೀ ಇದು?"

"ಚಳಿ," ಎಂದ ಅವನು, ಅವಳ ಕಡೆ ನೋಡದೆ.

ಆ ದಿನ ದುಂಡವ್ವನಿಗೆ ಮೇವು ಇಳಿಯಲಿಲ್ಲ.

ನೇರಳೆ ಕರುಗಳ ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಮೊದಲು ಗಾದೆಯ ಪಾಠ, ಆಮೇಲೆ ಸಂಗೀತ. ಒಂದು ಬೆಳಗ್ಗೆ ಗುರುಗಳು, "ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ," ಎಂದು ಹೇಳಿಕೊಟ್ಟರು. ಕರುಗಳೆಲ್ಲ ತಿರುಗಿ ನೇರಳೆಯನ್ನು ನೋಡಿದವು. ಸಂಗೀತದ ಹೊತ್ತಿಗೆ ಗುರುಗಳು ಮೃದುವಾಗಿಯೇ ಹೇಳಿದರು, "ನಿನಗೆ ಸುಮ್ಮನೆ ತೊಂದರೆ ಯಾಕಮ್ಮ? ಹೊರಗೆ ಮೇಯ್ದುಕೊಂಡಿರು."

ಮನೆಗೆ ಬಂದ ನೇರಳೆ ಕೇಳಿದಳು, "ಅವ್ವಾ, ನಮಗೆ ಕಿವಿ ಇಲ್ವಾ?"

"ಯಾರಂದ್ರು ಹಾಗಂತ?"

"ಯಾರೂ ಅನ್ನಲಿಲ್ಲ. ಗಾದೆಯಂತೆ."

ದುಂಡವ್ವ ಎದ್ದು ನಿಂತಳು. ಮದ್ದಣ್ಣ ಗಾಬರಿಯಾದ. "ಬಂದವರು ನಾವು ಕಣೇ. ತಲೆ ತಗ್ಗಿಸಿಕೊಂಡಿದ್ದರೆ ಎಲ್ಲಾ ಸರಿಹೋಗ್ತದೆ."

"ತಲೆ ತಗ್ಗಿಸಿದರೆ ನಮ್ಮ ಕೊಂಬು ಮುಂದಕ್ಕೆ ಬರ್ತದೆ ಕಣ್ರೀ," ಎಂದಳು ದುಂಡವ್ವ. "ಆಗ ಹಾಯೋಕೆ ಬಂದ್ರು ಅಂತಾರೆ. ಅದಕ್ಕಿಂತ ತಲೆ ಎತ್ತಿ ಹೋಗೋದೇ ವಾಸಿ."

ಅವಳು ನೇರವಾಗಿ ದೊರೆಯ ಸಭೆಗೆ ಹೋದಳು. ಹಿರಿಯರೆಲ್ಲ ಇದ್ದರು. ಶಂಖಯ್ಯ ಮಧ್ಯದಲ್ಲಿ ಕೂತಿದ್ದ.

"ನನ್ನ ಮಗಳನ್ನ ಸಂಗೀತದಿಂದ ಹೊರಗೆ ಕಳಿಸಿದ್ದಾರೆ," ಎಂದಳು. "ಅವಳಿಗೆ ಹಾಡು ಬರ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನ ಕಲಿಸಿ ನೋಡಿ ಹೇಳಬೇಕಲ್ಲದೆ, ಮೈಬಣ್ಣ ನೋಡಿ ಹೇಳೋದು ಯಾವ ನ್ಯಾಯ?"

"ಇದು ನಿನ್ನ ಮೇಲಿನ ಸಿಟ್ಟಲ್ಲ ತಾಯಿ," ಎಂದ ಶಂಖಯ್ಯ. "ಗಾದೆ. ನಮ್ಮ ಅಜ್ಜನ ಅಜ್ಜಂದಿರು ಕಂಡು ಹೇಳಿದ್ದು."

"ಅವರು ಎಮ್ಮೆಗಳನ್ನ ಎಲ್ಲಿ ಕಂಡಿದ್ದರು? ಈ ರಾಜ್ಯಕ್ಕೆ ಮೊದಲು ಬಂದವರು ನಾವೇ ಅಂತ ನಿಮ್ಮ ಕಾವಲಿನವರೇ ಹೇಳಿದರಲ್ಲ?"

ಶಂಖಯ್ಯನಿಗೆ ಆ ಗಳಿಗೆಗೆ ತಕ್ಕ ಗಾದೆ ನೆನಪಾಗಲಿಲ್ಲ. ದೊರೆಗೆ ಬೇಸರ ಕಳೆಯಲು ಏನಾದರೂ ಬೇಕಾಗಿತ್ತು. "ಪರೀಕ್ಷೆಯಾಗಲಿ," ಎಂದ. "ಸಂಜೆ ಇವಳ ಮುಂದೆ ಕಿನ್ನರಿ ಬಾರಿಸಲಿ. ಹಿರಿಯರು ನೋಡಿ ತೀರ್ಮಾನ ಹೇಳಲಿ."

ಗಾನಮಂಟಪದಲ್ಲಿ ಕಿನ್ನರಿ ಬಾರಿಸುತ್ತಿದ್ದವನು ಒಬ್ಬ ಮುದಿ ಮುಸುವ, ಉದ್ದ ಬಾಲದ ಕೋತಿ. ಗೊರಸಿರುವವರಿಗೆ ತಂತಿ ಮೀಟಲು ಬರುವುದಿಲ್ಲವಾದ್ದರಿಂದ ಅವನನ್ನು ಬೆಟ್ಟದ ಕಾಡಿನಿಂದ ಕರೆಸಿ ಇಟ್ಟುಕೊಂಡಿದ್ದರು. ಎಲ್ಲರೂ ಮುಸುವಜ್ಜ ಎನ್ನುತ್ತಿದ್ದರು. ಅವನ ಮುಖ ದುಂಡವ್ವನಿಗಿಂತ ಕಪ್ಪು. ಆದರೆ ಅವನ ಮೇಲೆ ಯಾರೂ ಗಾದೆ ಹೇಳಿರಲಿಲ್ಲ; ಹೇಳಿದರೆ ಬಾರಿಸುವವರು ಇರುತ್ತಿರಲಿಲ್ಲ.

ಸಂಜೆ ಮಂಟಪ ತುಂಬಿತು. ದುಂಡವ್ವನನ್ನು ನಡುವೆ ನಿಲ್ಲಿಸಿದರು. ಹಿರಿಯರು ಅವಳ ಸುತ್ತ ಕೂತು ಮೆಲುಕು ಹಾಕುತ್ತ ಅವಳ ಮೈಯನ್ನೇ ನೋಡತೊಡಗಿದರು. ಮುಸುವಜ್ಜ ಕಿನ್ನರಿಯನ್ನು ಎದೆಗೆ ಆನಿಸಿಕೊಂಡು ಮೀಟಿದ.

ಮೊದಲ ತಂತಿ ಮಿಡಿಯುತ್ತಲೇ ದುಂಡವ್ವನಿಗೆ ತನ್ನ ಜೌಗು ಕಂಡಿತು. ಜೊಂಡಿನ ನಡುವೆ ಗಾಳಿ ಹಾಯುವ ಸದ್ದು, ಹೂಳಿನ ತಂಪು, ಬೆನ್ನ ಮೇಲೆ ಕೂತ ಬೆಳ್ಳಕ್ಕಿಯ ಭಾರ. ಅವಳ ಕಿವಿ ತಾನೇ ಆಡಿತು.

"ನೊಣ," ಎಂದ ಒಬ್ಬ ಹಿರಿಯ. ಉಳಿದವರು ಹೌದೆಂದರು.

ಕಿನ್ನರಿ ಕೆಳಗಿನ ಸ್ವರಕ್ಕಿಳಿಯಿತು. ದುಂಡವ್ವನ ತಲೆ ತೂಗಿತು.

"ಮೇವು ಕೇಳುತ್ತಿದೆ," ಎಂದ ಇನ್ನೊಬ್ಬ.

ಸ್ವರ ಎಲ್ಲೋ ಒಂದು ಕಡೆ ನಿಂತು ಉಸಿರು ಹಿಡಿಯಿತು. ದುಂಡವ್ವನೂ ಅಲ್ಲಾಡದೆ ನಿಂತಳು.

"ನೋಡಿದಿರಾ? ಕಲ್ಲು!" ಎಂದ ಮತ್ತೊಬ್ಬ.

ಅವಳ ಕಣ್ಣಿನಿಂದ ನೀರು ಹರಿಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಶಂಖಯ್ಯನೇ ಹೇಳಿದ, "ಧೂಳು."

ಕಿನ್ನರಿ ನಿಂತಿತು. "ಗಾದೆ ಗೆದ್ದಿತು," ಎಂದು ತೀರ್ಮಾನವಾಯಿತು. ಬಾಗಿಲ ಕಡೆ ಹೊರಟವರ ದಾರಿಗೆ ದುಂಡವ್ವ ಅಡ್ಡ ನಿಂತಳು.

"ನಿಮ್ಮ ಹಾಡನ್ನ ನಾನು ಕೇಳಿದೆ. ಈಗ ನನ್ನ ಹಾಡನ್ನ ನೀವು ಕೇಳಿ. ಅತಿಥಿ ಅಂತಲ್ಲ, ಕನಿಕರಕ್ಕೂ ಅಲ್ಲ. ಸರಿಸಮಕ್ಕೆ ಸರಿಸಮ."

ದೊರೆ ಮತ್ತೆ ಕೂತ. ಆದ್ದರಿಂದ ಎಲ್ಲರೂ ಕೂತರು.

ದುಂಡವ್ವ ಹಾಡಿದಳು. ಜೌಗಿನವರ ಹಾಡು ಗಂಟಲಲ್ಲಿ ಹುಟ್ಟುವುದಿಲ್ಲ, ಹೊಟ್ಟೆಯಲ್ಲಿ ಹುಟ್ಟಿ ನೆಲಕ್ಕಿಳಿಯುತ್ತದೆ. ಅದು ಮಂಜು ಮುಸುಕಿದ ನೀರಿನಲ್ಲಿ ದಾರಿ ತಪ್ಪಿದವರನ್ನು ಕರೆಯುವ ಹಾಡು. ಹಿರಿಯರಲ್ಲಿ ಕೆಲವರು ಮೆಲುಕು ಹಾಕುತ್ತಲೇ ತೂಕಡಿಸಿದರು. "ಹೊಟ್ಟೆನೋವೇ ಇವಳಿಗೆ?" ಎಂದು ಒಬ್ಬ ಪಿಸುಗುಟ್ಟಿದ. ದುಂಡವ್ವ ಹಾಡುತ್ತಲೇ ಇದ್ದಳು. ಆ ಹಾಡಿಗೆ ಎರಡನೆಯ ದನಿ ಬೇಕು. ಕರೆದವರಿಗೆ ಓಗೊಡುವವರು ಬೇಕು. ಎರಡನೆಯ ದನಿ ಬರಬೇಕಾದ ಜಾಗ ಬಂತು. ಅವಳು ಒಬ್ಬಳೇ ಮುಂದುವರಿಯಲು ಉಸಿರು ತೆಗೆದುಕೊಂಡಳು.

ಆಗ ಬಾಗಿಲ ಹೊರಗಿನಿಂದ ಮದ್ದಣ್ಣ ಓಗೊಟ್ಟ.

ಅವನು ಕೆಲಸದಿಂದ ನೇರ ಬಂದಿದ್ದ. ಮೊಣಕಾಲಿನ ತನಕ ಕೆಸರು, ಬೆನ್ನಿನ ಮೇಲೆ ಬೂದಿ. ಈ ರಾಜ್ಯಕ್ಕೆ ಬಂದ ಮೇಲೆ ಅವನು ಪಿಸುಮಾತಿಗಿಂತ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಈಗ ತಲೆಯೆತ್ತಿ ಒಳಗೆ ನಡೆದು ಬಂದ. ಎರಡು ದನಿಗಳು ಕೂಡಿದಾಗ, ಅವನೇ ತುಳಿದ ಮಣ್ಣಿನ ಗೋಡೆಗಳು ಗುಂಯ್ ಎಂದವು. ಮೇವಿನ ಬುಟ್ಟಿಗಳು ನಡುಗಿದವು. ಕಿರುಗೊಂಬಿ ಮೆಲುಕು ನಿಲ್ಲಿಸಿ ಬಾಯಿ ತೆರೆದಳು.

ಹಾಡು ಮುಗಿದಾಗ ದೊರೆ ಎಚ್ಚರವಾಗಿದ್ದ. ನಿದ್ದೆ ಹೋದ ಹಿರಿಯರನ್ನು ಒಮ್ಮೆ ನೋಡಿ ಕೇಳಿದ, "ಇನ್ನು ನೀನು ನಮ್ಮ ಮೇಲೆ ಗಾದೆ ಕಟ್ಟುತ್ತೀಯೋ?"

"ಇಲ್ಲ ದೊರೆ," ಎಂದಳು ದುಂಡವ್ವ. "ನಾಲ್ಕು ಜನ ನಿದ್ದೆ ಮಾಡಿದ್ದಕ್ಕೆ ಇಡೀ ಹಿಂಡಿಗೇ ಕಿವಿಯಿಲ್ಲ ಅನ್ನೋಕೆ ನನಗೆ ನಾಚಿಕೆಯಾಗ್ತದೆ."

ಮುಸುವಜ್ಜ ಕಿನ್ನರಿಯನ್ನು ಹೆಗಲಿಗೇರಿಸಿದ. "ದೊರೆಯೇ, ಒಂದು ಮಾತು. ಮೆಲುಕು ನಿಲ್ಲಿಸಿ ನನ್ನ ಕಿನ್ನರಿ ಕೇಳಿದವರನ್ನ ಈ ಮಂಟಪದಲ್ಲಿ ಇವತ್ತೇ ಕಂಡೆ," ಎಂದು ಹೇಳಿ ಎಮ್ಮೆಗಳ ಹಿಂದೆ ಹೊರಟುಹೋದ.

ಅಂದಿನಿಂದ ಕಿನ್ನರಿ ದುಂಡವ್ವನ ಅಂಗಳದಲ್ಲಿ ಕೇಳಿಸತೊಡಗಿತು. ಮೊದಲು ಕಿರುಗೊಂಬಿ ಬಂದಳು. ಆಮೇಲೆ ಕರುಗಳು, ಅವುಗಳ ತಾಯಂದಿರು, ಕೊನೆಗೆ ದೊರೆಯೂ ಬಂದ. ಅಂಗಳಕ್ಕೆ ಬೇಲಿ ಹಾಕಬೇಕೆಂದು ಮದ್ದಣ್ಣನಿಗೆ ಒಮ್ಮೆ ಅನಿಸಿತ್ತು. ದುಂಡವ್ವ ಬೇಡವೆಂದಳು. ಮದ್ದಣ್ಣನ ಬೆನ್ನಿನ ಬೂದಿ ಮಳೆಗೆ ತೊಳೆದುಹೋಯಿತು. ಅವನು ಮತ್ತೆ ಬೂದಿಗುಂಡಿಯ ಕಡೆ ಹೋಗಲಿಲ್ಲ.

ವರ್ಷಗಳು ಕಳೆದವು. ರಾಜ್ಯವೇ ಮೆಚ್ಚಿದ ಮೇಲೆ ಶಂಖಯ್ಯ ಸುಮ್ಮನಿರಲಾಗದೆ ಹಳೆಯ ಗಾದೆಯನ್ನು ಕೈಬಿಟ್ಟು ಹೊಸದೊಂದನ್ನು ಹೊರಡಿಸಿದ: "ಎಮ್ಮೆ ಹುಟ್ಟಿದ ಮನೆಯಲ್ಲಿ ಹಾಡು ಹುಟ್ಟಿತು." ಎಲ್ಲರಿಗೂ ಸಂತೋಷವಾಯಿತು. ತಮ್ಮ ರಾಜ್ಯ ಎಷ್ಟು ದೊಡ್ಡ ಮನಸ್ಸಿನದೆಂದು ದನಗಳು ತಮ್ಮತಮ್ಮಲ್ಲೇ ಹೊಗಳಿಕೊಂಡವು. ತಗ್ಗಿನ ಸೀಮೆಯಿಂದ ಬೇರೆ ಎಮ್ಮೆಗಳು ಬಂದರೆ ಈಗ ಕಾವಲಿನವನು ನಗುತ್ತಿರಲಿಲ್ಲ. ಕೆಲಸ ಯಾವುದು ಬರುತ್ತದೆಂದು ಕೇಳುತ್ತಲೂ ಇರಲಿಲ್ಲ. ನೇರ ಗಾನಮಂಟಪಕ್ಕೆ ಕರೆದೊಯ್ದು, "ಹಾಡಿ," ಎನ್ನುತ್ತಿದ್ದ. ಹಾಡಲು ಬಾರದ ಒಬ್ಬ ಬಡಪಾಯಿ ಕೋಣನನ್ನು, ಇವನು ನಿಜವಾದ ಕೋಣನೇ ಹೌದೋ ಅಲ್ಲವೋ ಎಂದು ಮೂಸಿ ನೋಡಿದರು.

ನೇರಳೆ ದೊಡ್ಡವಳಾದಳು. ಅಪ್ಪನ ಮಣ್ಣಿನ ಗುಂಡಿಯ ಪಕ್ಕದಲ್ಲೇ ಬೆಳೆದ ಅವಳಿಗೆ ಹಾಡು ಹತ್ತಲಿಲ್ಲ. ಸ್ವರ ಎತ್ತಿದರೆ ಬೆಳ್ಳಕ್ಕಿಗಳು ಹಾರಿಹೋಗುತ್ತಿದ್ದವು. ಅವಳ ಆಸೆ ಬೇರೆಯೇ ಇತ್ತು. ಆ ಒಣ ಬಯಲಿನಲ್ಲಿ ಒಂದು ಕೆರೆ ಕಟ್ಟಬೇಕು. ಏರಿ ಹಾಕಿ, ತೂಬು ಇಟ್ಟು, ಜೊಂಡು ನೆಡಬೇಕು. ದೊರೆಯ ರಾಜ್ಯದಲ್ಲಿ ಕಟ್ಟಡ ಕಲಿಸುವ ಶಾಲೆಯೊಂದಿತ್ತು. ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದಳು.

ಶಾಲೆಯ ಹಿರಿಯ ಗುರು ಬಾಗಿಲಲ್ಲೇ ಅರಳಿದ ಮುಖದಿಂದ ಸ್ವಾಗತಿಸಿದ. "ದುಂಡವ್ವನ ಮಗಳಲ್ಲವೇ! ಎಲ್ಲಿ, ಒಂದು ಹಾಡು ಹೇಳಮ್ಮ."

"ನಾನು ಕೆರೆ ಕಟ್ಟೋದು ಕಲಿಯೋಕೆ ಬಂದಿದ್ದೀನಿ ಗುರುಗಳೇ."

"ಛೇ ಛೇ, ನಿನಗ್ಯಾಕಮ್ಮ ಈ ಕಲ್ಲುಮಣ್ಣು? ಎಮ್ಮೆಯ ಹೊಟ್ಟೆಯಲ್ಲಿ ಹುಟ್ಟಿದ್ದೀಯ. ದೇವರು ಕಂಠ ಕೊಟ್ಟಿದ್ದಾನೆ. ತಪ್ಪು ತಿಳಿಯಬೇಡ, ಇದು ಮೆಚ್ಚುಗೆಯ ಮಾತು."

"ನನಗೆ ಹಾಡೋಕೆ ಬರಲ್ಲ."

"ವಿನಯ!" ಎಂದ ಗುರು ಸಂತೋಷದಿಂದ. "ಒಂದೇ ಒಂದು. ಆಮೇಲೆ ಮಾತು."

ನೇರಳೆ ಹಿಂದಿರುಗಿ ನೋಡಿದಳು. ಬೇವಿನ ಮರದ ಕೆಳಗೆ ನಿಂತಿದ್ದ ದುಂಡವ್ವ ಮುಂದೆ ಬಂದು ಅವಳ ಪರವಾಗಿ ಮಾತಾಡಲಿಲ್ಲ. ಮಗಳ ಕಣ್ಣಿನಲ್ಲಿ ತುಂಟತನ ಹೊಳೆದದ್ದು ಅವಳಿಗೆ ಕಂಡಿತ್ತು.

ನೇರಳೆ ಹಾಡಿದಳು. ಇದ್ದಬದ್ದ ಅಪಸ್ವರಗಳನ್ನೆಲ್ಲ ಒಟ್ಟುಗೂಡಿಸಿ, ತಾಳವನ್ನು ದಾರಿಯಲ್ಲಿ ಬಿಟ್ಟು, ಎತ್ತಬೇಕಾದಲ್ಲಿ ಇಳಿಸಿ, ಇಳಿಸಬೇಕಾದಲ್ಲಿ ಕಿರುಚಿ ಹಾಡಿದಳು. ಶಾಲೆಯ ಮಾಡಿನಿಂದ ಪಾರಿವಾಳಗಳು ಎದ್ದು ಹೋದವು. ಗುರು ಕಣ್ಣು ಮುಚ್ಚಿದ. ಅವನ ತಲೆ ನಿಧಾನವಾಗಿ ತೂಗತೊಡಗಿತು.

"ಆಹಾ," ಎಂದ. "ಇದಕ್ಕೇ ಹೇಳುವುದು, ರಕ್ತದಲ್ಲೇ ಬರಬೇಕು!"

ಅವನು ಹಾಗೆ ತಲೆದೂಗುತ್ತಿರುವಾಗಲೇ ನೇರಳೆ ಹಾಡುತ್ತ ಹಾಡುತ್ತ ಅವನನ್ನು ಬಳಸಿಕೊಂಡು ಒಳಗೆ ನಡೆದಳು. ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಳು. ಮರದ ಕೆಳಗೆ ದುಂಡವ್ವ ಆ ಹಾಡಿಗೆ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅಷ್ಟು ಕೆಟ್ಟ ಹಾಡನ್ನು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅವಳ ಎದೆ ಅಷ್ಟು ಹೆಮ್ಮೆಯಿಂದ ತುಂಬಿದ್ದೂ ಇರಲಿಲ್ಲ.

ಬಾಗಿಲಲ್ಲಿ ಗುರು ಇನ್ನೂ ಕಣ್ಣು ಮುಚ್ಚಿಕೊಂಡು ಖಾಲಿ ಹೊಸ್ತಿಲಿಗೆ ಹೇಳುತ್ತಿದ್ದ, "ಇನ್ನೊಂದು, ಅಮ್ಮ. ಇನ್ನೊಂದೇ ಒಂದು."